ಬೋಂಡ-ಸಾಸ್ವೆ ಕೇಸು: ಹೂವಿನ ದಾರದಿಂದ ಶುರುವಾದ ಐದು ತಿಂಗಳ ಜಗಳ

ಎರಡು ವರ್ಷ ಒಂದೇ ಬೆತ್ತದ ಕುರ್ಚೀಲಿ ಒಂದ್ರ ಮೇಲೊಂದು ಬಿದ್ಕೊಂಡು ನಿದ್ದೆ ಹೊಡೀತಿದ್ದ ನಮ್ಮನೆ ಬೆಕ್ಕುಗಳು 2024ರ ಆಗಸ್ಟ್ 22, ಗುರುವಾರ ಬೆಳಗ್ಗೆ ಆರು ಗಂಟೆಗೆ ಪ್ಯಾಸೇಜಲ್ಲಿ ಉಂಡೆ ಕಟ್ಕೊಂಡು ಉರುಳಾಡ್ತಿದ್ವು, ಕಿರುಚಾಟ ಎಂಥದ್ದು ಅಂದ್ರೆ ಕೆಳಗಿನ ಮನೆ ಓನರ್ ಆಂಟಿ ಮಗೂಗೇನೋ ಆಯ್ತು ಅಂತ ಮೆಟ್ಲು ಹತ್ತಿ ಓಡ್ ಬಂದ್ರು. ಅವತ್ತಿಂದ ಸಂಕ್ರಾಂತಿವರೆಗೂ ಏನೇನಾಯ್ತು ಅಂತ ಮಗಳ ಹಳೇ ನೋಟ್‌ಬುಕ್ಕಲ್ಲಿ ಗೀಚಿಟ್ಕೊಂಡಿದ್ದೆ, ಅದನ್ನೇ ಇಲ್ಲಿ ಬಿಡಿಸಿ ಬರೀತಿದೀನಿ, ನಾವು ಮಾಡಿದ ಎಡವಟ್ಟುಗಳ ಸಮೇತ.

ಬೋಂಡ ಐದು ವರ್ಷದ ಗಂಡು, ಕೇಸರಿ ಬಣ್ಣ, ಐದೂವರೆ ಕೆ.ಜಿ., ಎಂಟು ತಿಂಗಳಿದ್ದಾಗ್ಲೇ ಮಕ್ಕಳಾಗದ ಆಪರೇಷನ್ ಮಾಡಿಸಿದೀವಿ. ಸಾಸ್ವೆ ಎರಡು ವರ್ಷದ ಕರೀ ಹೆಣ್ಣು, ಮೂರು ಕೆ.ಜಿ. ಮುಟ್ಟಲ್ಲ, ಮಳೇಲಿ ಯಾರದ್ದೋ ಸ್ಕೂಟರ್ ಕೆಳಗೆ ಸಿಕ್ಕಿದ್ಲು, ಅವಳಿಗೂ ಆಪರೇಷನ್ ಆಗಿದೆ. ಮನೆ ಮೈಸೂರಿನ ಇಟ್ಟಿಗೆಗೂಡು ಕಡೆ, ಫಸ್ಟ್ ಫ್ಲೋರು, ಎರಡು ರೂಮು, ಹಾಲು, ಅಡುಗೆಮನೆ, ಅದರ ಹಿಂದೆ ಗ್ರಿಲ್ ಹಾಕಿದ ಯುಟಿಲಿಟಿ. ಇವನ್ನೆಲ್ಲ ಜೋಡ್ಸೋಕೆ ಮೂರಡಿ ಅಗಲದ ಒಂದೇ ಒಂದು ಪ್ಯಾಸೇಜು. ಆ ಪ್ಯಾಸೇಜ್ ನೆನಪಿಟ್ಕೊಳ್ಳಿ.

ಶುರುವಾಗಿದ್ದು ಹೂವಿನ ದಾರದಿಂದ. ಆಗಸ್ಟ್ 16ಕ್ಕೆ ವರಮಹಾಲಕ್ಷ್ಮಿ ಹಬ್ಬ, ಮನೆ ತುಂಬ ಮಲ್ಲಿಗೆ ಸೇವಂತಿಗೆ, ಮಾರನೇ ದಿನ ಬಾಡಿದ ಹೂವು ತೆಗೆದು ಬುಟ್ಟೀಲಿ ಹಾಕಿದ್ವಿ, ಆ ಮಾಲೆ ದಾರಾನ ಸಾಸ್ವೆ ನುಂಗಿದ್ಲು. ಬೆಕ್ಕಿನ ನಾಲಿಗೆ ಮೇಲೆ ಮುಳ್ಳುಮುಳ್ಳಿರುತ್ತಲ್ಲ, ಅವೆಲ್ಲ ಗಂಟಲ ಕಡೆಗೇ ಬಾಗಿರ್ತವೆ, ದಾರ ಒಂದ್ಸಲ ಸಿಕ್ಕಿದ್ರೆ ಉಗಿಯೋದು ಕಷ್ಟ, ಒಳಗೇ ಹೋಗ್ತಾ ಇರುತ್ತೆ. ಎರಡು ದಿನ ವಾಂತಿ, ಊಟ ಮುಟ್ಟಲಿಲ್ಲ, ಸ್ಕ್ಯಾನಲ್ಲಿ ಕರುಳು ಸೊಂಟದ ನೆರಿಗೆ ಥರ ಮಡಚ್ಕೊಂಡಿದ್ದು ಕಾಣ್ತು. 19ಕ್ಕೆ ಹೊಟ್ಟೆ ಕೊಯ್ದು ತೆಗೆದ್ರು. (ಇಷ್ಟು ಮಾತ್ರ ಹೇಳ್ಬಿಡ್ತೀನಿ: ಬಾಯಿಂದಾಗ್ಲಿ ಹಿಂದುಗಡೆಯಿಂದಾಗ್ಲಿ ದಾರ ನೇತಾಡ್ತಿದ್ರೆ ಎಳೀಬೇಡಿ, ಕರುಳು ಕೊಯ್ಯುತ್ತೆ, ಹಾಗೇ ಎತ್ಕೊಂಡು ಡಾಕ್ಟ್ರ ಹತ್ರ ಓಡಿ.) 21ನೇ ತಾರೀಕು ಸಂಜೆ ಮನೆಗೆ ಬಂದ್ಲು, ಕುತ್ತಿಗೆಗೆ ಆಲಿಕೆ ಥರದ ಪ್ಲಾಸ್ಟಿಕ್ ಕಾಲರ್, ಬೋಳು ಹೊಟ್ಟೆ, ಮೈಯೆಲ್ಲಾ ಸ್ಪಿರಿಟ್ ವಾಸನೆ.

ನಾವೆಲ್ಲ ಏನಂದ್ಕೊಂಡ್ವಿ, ಪಾಪ ಬೋಂಡ ಎರಡು ದಿನದಿಂದ ಹುಡುಕ್ತಿದ್ದ, ಖುಷಿ ಪಡ್ತಾನೆ ಅಂತ. ಬುಟ್ಟಿ ಬಾಗ್ಲು ತೆಗೆದ್ವಿ. ಅವನು ಹತ್ರ ಬಂದ, ಮೂಸಿದ, ಬುಸ್ ಅಂದು ಹಿಂದಕ್ಕೆ ಹಾರಿದ. ಮೈಕೂದಲೆಲ್ಲ ನಿಂತ್ಕೊಂಡು ಎರಡು ಬೆಕ್ಕಿನಷ್ಟು ದಪ್ಪ ಕಂಡ. ಮಾರನೇ ಬೆಳಗ್ಗೆ ಆ ಉಂಡೆ ಯುದ್ಧ.

ಮುಂದಿನ ಎರಡು ವಾರ ನಾವು ಮಾಡಿದ್ದೆಲ್ಲಾ ತಪ್ಪೇ. "ಹೊಟ್ಟೆಕಿಚ್ಚು ಕಣೇ, ನೀನು ಅವಳನ್ನೇ ನೋಡ್ಕೋತೀಯಲ್ಲ" ಅಂತ ನಮ್ಮೋರು ಒಂದು ಸಿದ್ಧಾಂತ ತೆಗೆದ್ರು, ಸರಿ ಅಂತ ಬೋಂಡನಿಗೆ ಎಕ್ಸ್‌ಟ್ರಾ ಮುದ್ದು ಮಾಡಿದ್ವಿ. ಎರಡನ್ನೂ ಒಂದು ರೂಮಲ್ಲಿ ಕೂಡಿ ಹಾಕಿದ್ರೆ ತಾವೇ ರಾಜಿಯಾಗ್ತವೆ ಅಂತ ಯಾರೋ ಅಂದ್ರು, ಅದನ್ನೂ ಮಾಡಿದ್ವಿ, ಹತ್ತು ನಿಮಿಷಕ್ಕೆ ಸಾಸ್ವೆ ಕರ್ಟನ್ ತುದೀಲಿ ನೇತಾಡ್ತಿದ್ಲು, ಭಯಕ್ಕೆ ಅಲ್ಲೇ ಉಚ್ಚೆ ಹೊಯ್ಕೊಂಡಿದ್ಲು. ಜಗಳ ಬಂದಾಗ ನೀರು ಎರಚಿದ್ವಿ, ಬೋಂಡನಿಗೆ ಬೈದ್ವಿ. ಒಂದಿನ ನಾನು ಮಧ್ಯೆ ಕೈ ಹಾಕಿದೆ, ಹೆಬ್ಬೆರಳ ಬುಡಕ್ಕೆ ಎರಡು ಹಲ್ಲು ಇಳೀತು. ನೋಡೋಕೆ ಸೂಜಿ ಚುಚ್ಚಿದಷ್ಟೇ ತೂತು, ಸಂಜೆಗೆ ಕೈ ಬೋಂಡಾ ಥರಾನೇ ಊದ್ಕೊಂತು. ಬೆಕ್ಕಿನ ಹಲ್ಲು ತೆಳ್ಳಗೆ ಆಳಕ್ಕೆ ಹೋಗುತ್ತೆ, ಮೇಲೆ ಬೇಗ ಮುಚ್ಕೊಂಡು ಒಳಗೆ ಕೀವಾಗುತ್ತೆ, ಅದಕ್ಕೇ ಸಣ್ಣದು ಅಂತ ಬಿಡಬಾರ್ದು. ಹದಿನೈದು ನಿಮಿಷ ಸೋಪು ಹಾಕಿ ನಲ್ಲಿ ಕೆಳಗೆ ತೊಳೆದೆ, ಆಂಟಿಬಯಾಟಿಕ್ ತಗೊಂಡೆ, ಬೆಕ್ಕಿಗೆ ರೇಬೀಸ್ ಲಸಿಕೆ ಆಗಿದ್ರೂ ಆಸ್ಪತ್ರೇಲಿ ಹೇಳಿದ ಹಾಗೆ ನಾನೂ ಇಂಜೆಕ್ಷನ್ ಕೋರ್ಸ್ ಮುಗಿಸಿದೆ. ಈಗ ಮನೇಲಿ ರೂಲ್ಸು ಏನಂದ್ರೆ, ಜಗಳ ಬಿದ್ರೆ ಕೈ ಹಾಕಬಾರ್ದು, ಮಧ್ಯೆ ದಿಂಬೋ ರಟ್ಟೋ ತೂರ್ಸಿ ಕಣ್ಣಿಗೆ ಕಣ್ಣು ಕಾಣದ ಹಾಗೆ ಮಾಡ್ಬೇಕು, ಆಮೇಲೆ ಒಂದನ್ನ ರೂಮಿಗೆ ಅಟ್ಟಬೇಕು, ಎತ್ಕೊಂಡಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನೆನಪಿದೆಯಲ್ಲ, ಒಂದೇ ಒಂದು ಸಲ ಕುದಿಯೋ ಹಾಲು ಇಟ್ಟ, ಬಾಯಿ ಸುಟ್ಕೊಂತು, ಆಮೇಲೆ ಜನ್ಮದಲ್ಲಿ ಹಾಲು ಕಂಡ್ರೆ ಓಟ. ಚಿಕ್ಕೋರಿದ್ದಾಗ ಅದನ್ನ ರಾಮಕೃಷ್ಣನ ಜಾಣತನದ ಕತೆ ಅಂದ್ಕೊಂಡಿದ್ದೆ, ಈಗ ಅನ್ಸುತ್ತೆ ಅದು ಬೆಕ್ಕಿನ ಮನಸ್ಸಿನ ಬಗ್ಗೆ ಕರಾರುವಾಕ್ ಕತೆ. ಎರಡನ್ನೂ ಎದುರುಬದುರು ಬಿಟ್ಟಾಗೆಲ್ಲ ನಾವು ಇನ್ನೊಂದು ಬಟ್ಲು ಬಿಸಿ ಹಾಲು ಇಡ್ತಿದ್ವಿ ಅಷ್ಟೇ. ನಾಯಿಗಳಿಗೆ ಸೋತೆ ಅಂತ ಒಪ್ಕೊಂಡು ಜಗಳ ಮುಗ್ಸೋ ಒಂದು ರೀತಿ ರಿವಾಜಿದೆ, ಒಂಟಿಯಾಗಿ ಬೇಟೆಯಾಡ್ತಿದ್ದ ಕಾಡುಬೆಕ್ಕಿನ ವಂಶ ಇವು, ರಾಜಿ ಪಂಚಾಯ್ತಿ ಅಭ್ಯಾಸ ಇಲ್ಲ, ದೂರ ಹೋಗೋದೊಂದೇ ಗೊತ್ತಿರೋದು. ಎರಡು ಬೆಡ್‌ರೂಮ್ ಮನೇಲಿ ಎಷ್ಟು ದೂರ ಹೋಗ್ತವೆ?

ಸೆಪ್ಟೆಂಬರ್ 5ಕ್ಕೆ ಸಾಸ್ವೆ ನಮ್ಮ ಹಾಸಿಗೆ ಮೇಲೇ ಉಚ್ಚೆ ಹೊಯ್ದಾಗ ಡಾಕ್ಟ್ರ ಹತ್ರ ಹೋದ್ವಿ. ಅವ್ರು ಮೊದ್ಲು ಕೇಳಿದ್ದು ಜಗಳದ ಬಗ್ಗೆ ಅಲ್ಲ. ಬೋಂಡನ ಬಾಯಿ, ಬೆನ್ನು, ಕೀಲು ಎಲ್ಲಾ ಒತ್ತಿ ನೋಡಿದ್ರು, ಇದ್ದಕ್ಕಿದ್ದ ಹಾಗೆ ಸಿಟ್ಟು ಬಂದ ಬೆಕ್ಕಿಗೆ ಎಲ್ಲೋ ನೋವಿರೋ ಚಾನ್ಸ್ ಇರುತ್ತಂತೆ. ಏನೂ ಇರ್ಲಿಲ್ಲ. ಸಾಸ್ವೆ ಮೂತ್ರ ಟೆಸ್ಟ್ ಮಾಡಿದ್ರು, ಸೋಂಕಿರ್ಲಿಲ್ಲ, ಟೆನ್ಷನ್‌ಗೇ ಮೂತ್ರಕೋಶ ಉರಿ ಬರೋದು ಬೆಕ್ಕುಗಳಲ್ಲಿ ಸಾಮಾನ್ಯ ಅಂದ್ರು. "ಮೇಡಂ, ಇದೇ ಗಂಡಿಗೆ ಆಗಿ, ಟಾಯ್ಲೆಟ್ ಟ್ರೇಲಿ ಕೂತ್ಕೊಂಡು ತಿಣುಕಿ ಹನಿನೂ ಬರ್ಲಿಲ್ಲ ಅಂದ್ರೆ ಬೆಳಗ್ಗೆವರೆಗೂ ಕಾಯ್ಬೇಡಿ, ಅದು ಎಮರ್ಜೆನ್ಸಿ" ಅಂತ ಎರಡೆರಡು ಸಲ ಹೇಳಿದ್ರು.

ಹೊಟ್ಟೆಕಿಚ್ಚಿನ ಸಿದ್ಧಾಂತ ಅಲ್ಲೇ ಬಿದ್ದೋಯ್ತು. ಒಂದೇ ಮನೆ ಬೆಕ್ಕುಗಳು ಕೆನ್ನೆ, ಪಕ್ಕೆ, ಬಾಲ ಉಜ್ಜಿ ಉಜ್ಜಿ ತಮ್ಮದೊಂದು ಮನೆ ವಾಸನೆ ಮಾಡ್ಕೊಂಡಿರ್ತವೆ, ಮುಖಕ್ಕಿಂತ ಆ ವಾಸನೇನೇ ಅವಕ್ಕೆ ಆಧಾರ್ ಕಾರ್ಡು. ಸಾಸ್ವೆ ಆಸ್ಪತ್ರೇಲಿ ಆ ಕಾರ್ಡ್ ಕಳ್ಕೊಂಡು ಬಂದಿದ್ಲು. ಬೋಂಡನ ಲೆಕ್ಕದಲ್ಲಿ ಅವತ್ತು ಮನೆಗೆ ಬಂದಿದ್ದು ಯಾವ್ದೋ ಪರಕೀಯ ಪ್ರಾಣಿ, ಅದೂ ಗಾಯ ಮತ್ತೆ ಭಯದ ವಾಸನೆ ಹೊಡೀತಿರೋದು. ಇದು ತುಂಬ ಮನೇಲಾಗುತ್ತೆ, ಎಷ್ಟೋ ಕಡೆ ಒಂದೆರಡು ದಿನದಲ್ಲಿ ಮೈ ನೆಕ್ಕೊಂಡು ವಾಸನೆ ಸರಿಯಾದ್ಮೇಲೆ ತಾನೇ ತಣ್ಣಗಾಗುತ್ತೆ ಅಂದ್ರು ಡಾಕ್ಟ್ರು.

ನಮ್ಮಲ್ಲಿ ಹದಿನೈದು ದಿನವಾದ್ರೂ ಯಾಕೆ ಆಗ್ಲಿಲ್ಲ ಅನ್ನೋದು ಅವರಿಗೂ ಹೊಳೀಲಿಲ್ಲ. ಅದನ್ನ ಕಂಡ್ಹಿಡಿದಿದ್ದು ನಮ್ಮತ್ತೆ.

ಗಣೇಶನ ಹಬ್ಬ ಮುಗಿದ ಮಾರನೇ ದಿನ, ಸೆಪ್ಟೆಂಬರ್ 8ರಿಂದ ಎರಡನ್ನೂ ಪೂರ್ತಿ ಬೇರೆ ಮಾಡಿದ್ವಿ, ಸಾಸ್ವೆ ಅತ್ತೆ ರೂಮಲ್ಲಿ, ಬೋಂಡ ಉಳಿದ ಮನೇಲಿ. ನೋಟ್‌ಬುಕ್ ತಿರುವಿ ನೋಡಿದ್ರೆ ಒಂದು ವಿಚಿತ್ರ ಕಾಣ್ತಿತ್ತು, ಜೋರು ಜಗಳ ಆಗಿದ್ದ ಆರು ಸಲದಲ್ಲಿ ಐದು ಬೆಳಗ್ಗೆ ಐದೂವರೆಯಿಂದ ಆರೂವರೆ ಒಳಗೆ, ಶುರುವಾಗಿದ್ದು ಯುಟಿಲಿಟಿಯಿಂದ. ನಾವೆಲ್ಲ ಆ ಹೊತ್ತಿಗೆ ನಿದ್ದೇಲಿರ್ತೀವಿ, ಅತ್ತೆ ಎದ್ದು ಹಾಲು ಕಾಯಿಸ್ತಿರ್ತಾರೆ. ಮೂರನೇ ದಿನ ಬೆಳಗ್ಗೆ ನನ್ನ ಎಬ್ಬಿಸಿದ್ರು. "ಏಳೇ, ಬಂದು ನೋಡು, ನಿಮ್ಮ ಬೋಂಡನ ಶತ್ರು ಒಳಗಿಲ್ಲ, ಹೊರಗವ್ನೆ."

ಪಕ್ಕದ ಮನೆ ಸಜ್ಜದ ಮೇಲಿಂದ ಒಂದು ಬೂದು ಬಣ್ಣದ ಗಡವ ಕೊತ್ತಿ, ಕೆನ್ನೆ ಇಷ್ಟು ದಪ್ಪ, ನಮ್ಮ ಗ್ರಿಲ್ ಪಕ್ಕದ ಕಟ್ಟೆ ಮೇಲೆ ಕೂತು ಒಳಗಿರೋ ಬೋಂಡನ್ನ ದುರುಗುಟ್ಟಿ ನೋಡ್ತಿತ್ತು, ಆಮೇಲೆ ತಿರುಗಿ ಬಾಲ ನಡುಗಿಸ್ತಾ ಗ್ರಿಲ್ಗೆ ಸರ್ರಂತ ಉಚ್ಚೆ ಹೊಡೆದು ಹೋಯ್ತು. ಬೋಂಡ ಈ ಕಡೆ ನಿಂತು ಮೈಯೆಲ್ಲಾ ಉಬ್ಬಿಸ್ಕೊಂಡು ಊಳಿಡ್ತಿದ್ದ, ಗ್ರಿಲ್ ದಾಟಿ ಹೋಗೋಕಾಗಲ್ಲ. ಆ ಸಿಟ್ಟು ಎಲ್ಲಿಗೆ ಹೋಗ್ಬೇಕು? ಬೇರೆ ಮಾಡೋಕ್ ಮುಂಚೆ ಅಷ್ಟೊತ್ತಿಗೆ ಏನ್ ಗಲಾಟೆ ಅಂತ ಪ್ಯಾಸೇಜಲ್ಲಿ ಬರ್ತಿದ್ದವಳು ಸಾಸ್ವೆ. ಆಫೀಸಲ್ಲಿ ಬಾಸ್ ಹತ್ರ ಬೈಸ್ಕೊಂಡು ಮನೇಲಿ ಹೆಂಡ್ತಿ ಮೇಲೆ ಕೂಗಾಡೋರಿಲ್ವ, ಹಾಗೆ. ಡಾಕ್ಟ್ರಿಗೆ ವಿಡಿಯೊ ಕಳಿಸಿದೆ, ಇದೇ ಕಾರಣ, ಒಂದ್ಸಲ ಹೀಗೆ ಕೆರಳಿದ ಬೆಕ್ಕು ಗಂಟೆಗಟ್ಟಲೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ತಣ್ಣಗಾಗಲ್ಲ, ಆಗ ಮುಟ್ಟೋಕೂ ಹೋಗ್ಬೇಡಿ ಅಂದ್ರು. ಮೊದ್ಲ ಜಗಳ ಹಚ್ಚಿದ್ದು ಆಸ್ಪತ್ರೆ ವಾಸನೆ, ಅದನ್ನ ದಿನಾ ಊದಿ ಊದಿ ಉರಿಸ್ತಿದ್ದದ್ದು ಈ ಗಡವ.

ಹಾಗಾಗಿ ಮೊದ್ಲ ಕೆಲಸ ಬೆಕ್ಕಿಗಲ್ಲ, ಗ್ರಿಲ್ಗೆ. ಒಂದು ಹಳೇ ಫ್ಲೆಕ್ಸ್ ಬ್ಯಾನರ್ ತಂದು ಬಿಳೀ ಭಾಗ ಒಳಗೆ ಬರೋ ಹಾಗೆ ನಾಲ್ಕಡಿ ಎತ್ತರಕ್ಕೆ ಕಟ್ಟಿದ್ವಿ, ಬೆಳಕು ಬರುತ್ತೆ, ಹೊರಗಡೆ ಕಾಣಲ್ಲ. ಗಡವ ಹೊಡೆದಿದ್ದ ಜಾಗನ ನಾನು ಅಷ್ಟು ದಿನ ಫಿನೈಲ್ ಹಾಕಿ ಉಜ್ಜುತ್ತಿದ್ದೆ, ಅದೂ ತಪ್ಪಂತೆ, ಫಿನೈಲಲ್ಲಿರೋ ಅಂಶ ಬೆಕ್ಕಿನ ಲಿವರಿಗೆ ಕರಗಿಸೋಕಾಗಲ್ಲ, ಪಾದಕ್ಕೆ ಮೆತ್ಕೊಂಡಿದ್ದನ್ನ ನೆಕ್ಕಿದ್ರೆ ವಿಷ. ಸಾಕುಪ್ರಾಣಿ ಉಚ್ಚೆಗೇ ಅಂತ ಬರೋ ಎನ್ಜೈಮ್ ಕ್ಲೀನರ್ ತಂದೆ. ಗಡವನ್ನ ಬೀದಿ ಪ್ರಾಣಿಗಳ ಕೆಲಸ ಮಾಡೋ ಹುಡುಗರು ಬೋನಿಟ್ಟು ಹಿಡಿದು ಆಪರೇಷನ್ ಮಾಡ್ಸಿ, ಆಪರೇಷನ್ ಆಗಿದೆ ಅನ್ನೋ ಗುರುತಿಗೆ ಕಿವಿ ತುದಿ ಕತ್ತರಿಸಿ, ಅದೇ ಸಜ್ಜದ ಹತ್ರ ವಾಪಸ್ ಬಿಟ್ರು, ಆದ್ರೆ ಅದಕ್ಕೆ ಅಕ್ಟೋಬರ್ ಕೊನೆ ಆಯ್ತು.

ಒಳಗಿನ ಕೆಲಸ ನಿಧಾನ. ಸಾಸ್ವೆ ಮಲಗೋ ಟವೆಲ್ ಬೋಂಡನಿಗೆ, ಬೋಂಡನ ಟವೆಲ್ ಅವಳಿಗೆ. ಮಗಳ ಸ್ಕೂಲ್ ಸಾಕ್ಸ್ ತೊಳೆದದ್ದು ತಗೊಂಡು ಒಬ್ಬರ ಕೆನ್ನೆಗೆ ಮೆತ್ತಗೆ ಉಜ್ಜಿ ಇನ್ನೊಬ್ಬರ ಊಟದ ತಟ್ಟೆ ಪಕ್ಕ ಇಡೋದು. ಮೊದ್ಲ ದಿನ ಬೋಂಡ ಸಾಕ್ಸ್‌ಗೇ ಬುಸ್ ಅಂದ, ಐದನೇ ದಿನ ಅದರ ಮೇಲೆ ತಲೆ ಇಟ್ಟು ಮಲಗಿದ್ದ. ಊಟ ಅತ್ತೆ ರೂಮಿನ ಮುಚ್ಚಿದ ಬಾಗಿಲ ಆಚೆ ಈಚೆ, ಶುರುವಿನಲ್ಲಿ ಬಾಗಿಲಿಂದ ಆರಾರಡಿ ದೂರ, ಎರಡೂ ನೆಮ್ಮದಿಯಾಗಿ ತಿಂದ್ರೆ ಮಾರನೇ ದಿನ ಒಂದು ಗೇಣು ಹತ್ರ, ತಟ್ಟೆ ಬಿಟ್ಟು ಬಾಗಿಲ ಕಡೆ ಗುರ್ ಅಂದ್ರೆ ಮತ್ತೆ ಹಿಂದಕ್ಕೆ. ಬರೀ ಪ್ಯಾಕೆಟ್ಟಿನ ಒಣ ಬೆಕ್ಕಿನ ಊಟ ಅಲ್ಲ, ಉಪ್ಪು ಈರುಳ್ಳಿ ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಚಿಕನ್, ಅದು ಈ ಬಾಗಿಲ ಹತ್ರ ಬಿಟ್ರೆ ಬೇರೆಲ್ಲೂ ಸಿಗೋ ಹಾಗಿಲ್ಲ. ಅತ್ತೆ ಚಿಕನ್ ಮುಟ್ಟೋರಲ್ಲ, ಆದ್ರೂ ಸಾಸ್ವೆ ಬಟ್ಲಿಗೆ ಚಮಚದಲ್ಲಿ ಹಾಕಿ ಮುಖ ಆ ಕಡೆ ತಿರುಗಿಸ್ಕೊಂಡು ಕೂರ್ತಿದ್ರು, ಎರಡು ವಾರ ಒಂದು ದಿನ ತಪ್ಪಿಸ್ಲಿಲ್ಲ.

ಈ ಹದಿನೈದು ದಿನದಲ್ಲಿ ನಾನು ಕಲ್ತಿದ್ದು ಜಗಳದ ಸದ್ದಲ್ಲ, ಸದ್ದಿಲ್ಲದ ಜಗಳ. ಹಳೇ ಫೋನ್ ವಿಡಿಯೊಗಳನ್ನ ತೆಗೆದು ನೋಡ್ದೆ, ಆಗಸ್ಟಲ್ಲಿ ಎಲ್ಲಾ ಸರಿಯಿದೆ ಅಂತ ನಾನು ಖುಷಿಯಾಗಿ ತೆಗೆದ ವಿಡಿಯೊದಲ್ಲೂ ಬೋಂಡ ಪ್ಯಾಸೇಜ್ ಮಧ್ಯೆ ಉದ್ದಕ್ಕೆ ಮಲಗಿದಾನೆ, ಬಾಲದ ತುದಿ ಮಾತ್ರ ಆಡ್ತಿದೆ, ಸಾಸ್ವೆ ರೂಮಿನ ಬಾಗಿಲಲ್ಲಿ ನಿಂತು ಅವನನ್ನ ನೋಡಿ, ಆಕಳಿಸಿ, ಬೇರೇನೋ ನೆನಪಾದವಳ ಥರ ವಾಪಸ್ ಹೋಗ್ತಾಳೆ. ಟ್ರೇ ಇದ್ದಿದ್ದು ಯುಟಿಲಿಟೀಲಿ. ಊಟ ಅಡುಗೆಮನೇಲಿ. ಎರಡಕ್ಕೂ ದಾರಿ ಅದೇ ಪ್ಯಾಸೇಜು. ಅಂದ್ರೆ ಅವನು ಮೈ ಮುಟ್ಟದೇನೇ ಅವಳನ್ನ ಟಾಯ್ಲೆಟ್ಟಿಗೂ ಹೋಗ್ದ ಹಾಗೆ ಮಾಡಿದ್ದ, ನಮ್ಮ ಹಾಸಿಗೆ ಒದ್ದೆಯಾಗಿದ್ದು ಹಟಕ್ಕಲ್ಲ. ಇದು ನಮ್ಮ ಕಣ್ಣ ಮುಂದೇನೇ ನಡೀತಿತ್ತು, ನಾವು "ಅಯ್ಯೋ ಎಷ್ಟು ಹಾಯಾಗಿ ಮಲಗಿದಾನೆ" ಅಂತಿದ್ವಿ.

ಟ್ರೇ ಮೂರಾಯ್ತು, ಬೆಕ್ಕಿನ ಲೆಕ್ಕಕ್ಕಿಂತ ಒಂದು ಜಾಸ್ತಿ ಅನ್ನೋದು ಎಲ್ಲರೂ ಹೇಳೋ ಮಾತು, ಆದ್ರೆ ಮೂರನ್ನೂ ಸಾಲಾಗಿ ಇಟ್ರೆ ಬೆಕ್ಕಿನ ಪಾಲಿಗೆ ಅದು ಒಂದೇ ಟ್ರೇ, ಅದಕ್ಕೇ ಯುಟಿಲಿಟೀಲಿ ಒಂದು, ಅತ್ತೆ ರೂಮಲ್ಲಿ ಒಂದು, ಹಾಲಿನ ಮೂಲೇಲಿ ಒಂದು. ಹಾಲಲ್ಲಿ ಟ್ರೇ ಅಂದ್ರೆ ನೆಂಟರೆದುರು ಮರ್ಯಾದೆ ಪ್ರಶ್ನೆ, ನಮ್ಮೋರು ಒಂದು ವಾರ ಮುಖ ಗಂಟಿಕ್ಕಿದ್ರು. ನೀರಿನ ಬಟ್ಲು ಎರಡು ಕಡೆ. ಪ್ಯಾಸೇಜ್ ಗೋಡೆಗೆ ತಲೆಗಿಂತ ಎತ್ತರದಲ್ಲಿ ಮೂರು ಹಲಗೆ ಹೊಡೆಸಿದ್ವಿ, ಒಂದು ತುದಿ ಬೀರು ಮೇಲೆ, ಇನ್ನೊಂದು ತುದಿ ಫ್ರಿಡ್ಜ್ ಮೇಲೆ. ಈ ಮೂರು ಹಲಗೇನೇ ಇಡೀ ಕೇಸಲ್ಲಿ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಅಂತ ನನ್ನ ಅಭಿಪ್ರಾಯ. ಕೆಳಗೆ ಬೋಂಡ ಬಿದ್ಕೊಂಡಿರ್ಲಿ, ಮೇಲೆ ಸಾಸ್ವೆಗೆ ಫ್ಲೈಓವರ್. ಬೆಕ್ಕಿನ ಮನಸ್ಸು ಸಮಾಧಾನ ಮಾಡುತ್ತೆ ಅಂತ ಪ್ಲಗ್‌ಗೆ ಹಾಕೋ ಒಂದು ಡಿಫ್ಯೂಸರೂ ತಂದಿದ್ವಿ, ಕೆಲಸ ಮಾಡ್ತೋ ಇಲ್ವೋ ಹೇಳಕ್ಕಾಗಲ್ಲ, ಅದೇ ವಾರ ಇನ್ನೂ ನಾಲ್ಕು ಬದಲಾವಣೆ ಮಾಡಿದ್ವಿ.

ಸೆಪ್ಟೆಂಬರ್ 24ಕ್ಕೆ ಬಾಗಿಲಿಗೆ ಸೊಳ್ಳೆ ಮೆಶ್ ಹಾಕಿಸಿ ಮರದ ಬಾಗಿಲು ತೆಗೆದ್ವಿ. ಮೆಶ್ ಮೇಲೆ ಮೊದ್ಲು ಬೆಡ್‌ಶೀಟು, ಅದನ್ನ ದಿನಾ ನಾಲ್ಕು ಬೆರಳಷ್ಟು ಮೇಲಕ್ಕೆತ್ತೋದು. ಕಾಲು ಕಾಣ್ತು, ತಿಂದ್ವು. ಎದೆ ಕಾಣ್ತು, ತಿಂದ್ವು. ಸರಿ ಇನ್ನೇನು ಗೆದ್ವಿ ಅಂತ ನಾನು ಆ ಸಂಜೆ ಶೀಟು ಪೂರ್ತಿ ಕಿತ್ತೆ. ಮಾರನೇ ದಿನವೇ ಫಿರಂಗಿ.

ಮೈಸೂರೋರಿಗೆ ಗೊತ್ತು, ಜಂಬೂಸವಾರಿ ದಿನ 21 ಕುಶಾಲತೋಪು ಹಾರಿಸ್ತಾರೆ, ಅದಕ್ಕೆ ಆನೆ ಕುದುರೆ ಬೆದರಬಾರ್ದು ಅಂತ ಮುಂಚೆನೇ ಫಿರಂಗಿ ತಾಲೀಮು ನಡೆಯುತ್ತೆ. ನಮ್ಮನೆ ಕಿಟಕಿ ಗಾಜು ಅದುರುತ್ತೆ. ಮೊದ್ಲ ಸದ್ದಿಗೆ ಬೋಂಡ ಮೆಶ್‌ಗೇ ಹಾರಿ ಬಿದ್ದ, ಆ ಕಡೆ ಸಾಸ್ವೆ ಕಿರುಚಿ ಬೀರು ಹತ್ತಿದವಳು ರಾತ್ರಿವರೆಗೂ ಇಳೀಲಿಲ್ಲ. ಮೂರು ವಾರದ ಕೆಲಸ ಮಣ್ಣಾಯ್ತು ಅಂತ ನಾನು ಅಡುಗೆಮನೇಲಿ ಕೂತು ಅತ್ತೂ ಬಿಟ್ಟೆ. ನಮ್ಮೋರು ಆಗ ಹೇಳಿದ್ದು: "ಅಲ್ವೇ, ಅಂಬಾರಿ ಆನೆ ಅಭಿಮನ್ಯುಗೇ ಮೊದ್ಲ ದಿನ 750 ಕೆ.ಜಿ. ಅಂಬಾರಿ ಹೊರಿಸಲ್ಲ. ಮರಳು ಮೂಟೆ ಹೊರಿಸ್ತಾರೆ, ಆಮೇಲೆ ಮರದ ಅಂಬಾರಿ. ನೀನು ಇವತ್ತು ಮೂಟೆ ಜಾಸ್ತಿ ಹಾಕ್ಬಿಟ್ಟೆ, ಇಳ್ಸು ಅಷ್ಟೇ." ಹೊಟ್ಟೆಕಿಚ್ಚಿನ ಸಿದ್ಧಾಂತ ಕೊಟ್ಟಿದ್ದೂ ಇವ್ರೇ, ಆದ್ರೆ ಈ ಮಾತು ಸರಿ ಇತ್ತು.

ಇಳಿಸಿದ್ವಿ. ಮರದ ಬಾಗಿಲು ಮತ್ತೆ ಮುಚ್ಚಿ ನಾಲ್ಕಡಿ ದೂರದಿಂದ ಶುರು. ಒಂದು ವಿಷಯ ಗಮನಿಸಿದೆ, ಮೊದ್ಲ ಸಲ ಎರಡು ವಾರ ಹಿಡಿದಿದ್ದು ಈ ಸಲ ಆರೇ ದಿನಕ್ಕೆ ಮೆಶ್‌ವರೆಗೂ ಬಂತು. ಆಮೇಲೆ ಉಳಿದ ತಾಲೀಮು ದಿನ, ಅಕ್ಟೋಬರ್ 12ರ ಜಂಬೂಸವಾರಿ, ದೀಪಾವಳಿಯ ಮೂರೂ ದಿನ, ಮೊದ್ಲೇ ಬೇರೆ ಬೇರೆ ರೂಮು, ಕಿಟಕಿ ಬಂದ್, ಫ್ಯಾನ್ ಜೋರು, ಅಡಗೋಕೆ ರಟ್ಟಿನ ಡಬ್ಬ, ಡಬ್ಬಕ್ಕೆ ಎರಡು ಬಾಗಿಲು, ಒಂದೇ ಬಾಗಿಲಿನ ಡಬ್ಬದಲ್ಲಿ ಹೆದರಿದ ಬೆಕ್ಕು ಸಿಕ್ಕಾಕ್ಕೊಳ್ಳುತ್ತೆ. ಸಾಸ್ವೆಗೆ ಪಟಾಕಿ ದಿನಗಳಿಗೆ ಮಾತ್ರ ಡಾಕ್ಟ್ರು ಹೆದರಿಕೆ ಇಳಿಸೋಕೆ ಗ್ಯಾಬಪೆಂಟಿನ್ ಅನ್ನೋ ಔಷಧಿ ಕೊಟ್ಟಿದ್ರು, ತೂಕ ನೋಡಿ ಅವ್ರೇ ಅಳತೆ ಬರೆದಿದ್ದು. ಮನುಷ್ಯರ ಮಾತ್ರೆ ಡಬ್ಬಿಯಿಂದ ಏನೂ ಕೊಡಬೇಡಿ, ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ಸಾವೇ.

ನವೆಂಬರ್ 10ಕ್ಕೆ ಮೊದ್ಲ ಸಲ ಮೆಶ್ ತೆಗೆದು ಒಂದೇ ಹಾಲಲ್ಲಿ ಬಿಟ್ಟಿದ್ದು, ಐದು ನಿಮಿಷ. ಮಗಳು ಒಂದು ತುದೀಲಿ ತೆಂಗಿನ ಗರಿ ಸೀಳು ಹಿಡಿದು ಬೋಂಡನ್ನ ಆಡಿಸ್ತಿದ್ಲು, ನಾನು ಇನ್ನೊಂದು ತುದೀಲಿ ಸಾಸ್ವೇನ. ದಾರ ಕಟ್ಟಿದ ಆಟಿಕೆ ನಮ್ಮನೇಲಿ ನಿಷೇಧ, ಕಾರಣ ಗೊತ್ತಲ್ಲ. ಇಬ್ಬರ ಕಣ್ಣು ಕೂಡಿ ಎರಡು ಸೆಕೆಂಡಿಗಿಂತ ಜಾಸ್ತಿ ದಿಟ್ಟಿಸಿದ್ರೆ ಮಧ್ಯೆ ರಟ್ಟು. ಬೈಗುಳ ಇಲ್ಲ. ಎಲ್ಲಾ ಚೆನ್ನಾಗಿರೋವಾಗ್ಲೇ ಮುಗಿಸಿಬಿಡೋದು, ಇನ್ನೂ ಸ್ವಲ್ಪ ಅಂತ ಆಸೆ ಪಡಬಾರ್ದು. ಐದು ಹತ್ತಾಯ್ತು, ಹತ್ತು ಅರ್ಧ ಗಂಟೆ ಆಯ್ತು, ಡಿಸೆಂಬರ್ ಮಧ್ಯಕ್ಕೆ ನಾವು ಎಚ್ಚರ ಇರೋ ಹೊತ್ತೆಲ್ಲ ಒಟ್ಟಿಗೆ. ಮಧ್ಯೆ ಎರಡು ಸಲ ಬೋಂಡ ಏಟು ಕೊಟ್ಟ, ಉಗುರು ಒಳಗೆಳ್ಕೊಂಡು, ಸಾಸ್ವೆ ಬುಸ್ ಅಂದ್ಲು, ಅವನು ಹಿಂದೆ ಸರಿದ. ಮೊದ್ಲಾದ್ರೆ ಬುಸ್ ಅಂದ ಕೂಡ್ಲೇ ನಾನು ಓಡ್ತಿದ್ದೆ, ಈಗ ಗೊತ್ತು, ಬುಸ್ ಅಂದ್ರೆ ಸಾಕು ನಿಲ್ಸು ಅಂತ, ಅವನು ನಿಲ್ಸಿದ್ರೆ ಅದು ಮಾತುಕತೆ.

ಡಿಸೆಂಬರ್ ಕೊನೇಲಿ ಸಾಸ್ವೆಗೆ ಲಸಿಕೆ ಇತ್ತು. ಈ ಸಲ ಬುಟ್ಟೀಲಿ ಮನೇದೇ ಟವೆಲ್, ವಾಪಸ್ ಬಂದ್ಮೇಲೆ ಸೀದಾ ಅತ್ತೆ ರೂಮಿಗೆ, ರಾತ್ರಿಯಿಡೀ ಬಾಗ್ಲು ಹಾಕಿ, ಹಳೇ ಸಾಕ್ಸ್ ಮೈಗೆಲ್ಲಾ ಸವರಿ, ಬೆಳಗ್ಗೆ ಮೆಶ್ ಹಿಂದಿಂದ ಮುಖ ತೋರ್ಸಿ ಆಮೇಲೆ ಬಿಟ್ಟಿದ್ದು. ಬೋಂಡ ಮೂಸಿದ, ಹೋಗಿ ನೀರು ಕುಡಿದ. ನೋಟ್‌ಬುಕ್ಕಲ್ಲಿ ಆ ದಿನ ಬರ್ದಿರೋದು ಇಷ್ಟೇ: "ಏನೂ ಆಗ್ಲಿಲ್ಲ."

ಮೊದಲಿನ ಹಾಗೆ ಒಬ್ಬರ ತಲೆ ಒಬ್ಬರು ನೆಕ್ಕೋದು ವಾಪಸ್ ಬಂದಿಲ್ಲ, ಬರುತ್ತೆ ಅಂತ ನಾನು ಕಾಯ್ತಾನೂ ಇಲ್ಲ. ರಾತ್ರಿ ಇನ್ನೂ ಬೇರೆ ಬೇರೆ ರೂಮೇ. ಸಂಕ್ರಾಂತಿಗೆ ಬಾಗಿಲಿಗೆ ಕಟ್ಟಿದ ಹೂವಿನ ದಾರಾನ ಅತ್ತೆ ಚೂರು ಚೂರು ಕತ್ತರಿಸಿ ಮುಚ್ಚಳ ಇರೋ ಡಬ್ಬಕ್ಕೆ ಹಾಕ್ತಿದ್ರು, ಫ್ಲೆಕ್ಸ್ ಹಿಂದೆ ಕಿವಿ ಕತ್ತರಿಸ್ಕೊಂಡ ಗಡವನ ನೆರಳು ಬಿಸಿಲು ಕಾಯಿಸ್ತಾ ಕೂತಿತ್ತು, ಬೋಂಡ ಅದನ್ನ ನೋಡಿ ಎರಡು ಸಲ ಬಾಲ ಬಡಿದ, ಅದೇ ಹೊತ್ತಿಗೆ ಸಾಸ್ವೆ ಪ್ಯಾಸೇಜಲ್ಲಿ, ಹಲಗೆ ಮೇಲಲ್ಲ ನೆಲದ ಮೇಲೇನೇ, ಅವನ ಪಕ್ಕ ಹಾದು ಹೋದ್ಲು, ನಾನು ಕೈಯಲ್ಲಿ ರಟ್ಟು ಹಿಡ್ಕೊಂಡೇ ನಿಂತಿದ್ದೆ, ಬೇಕಾಗ್ಲಿಲ್ಲ. ಬೆತ್ತದ ಕುರ್ಚಿ ಈಗ ಶಿಫ್ಟ್ ಮೇಲೆ ನಡೀತಿದೆ: ಬೆಳಗ್ಗೆ ಹನ್ನೊಂದರವರೆಗೂ ಬೋಂಡ, ಅವನೆದ್ದು ಹೋದ ಐದು ನಿಮಿಷಕ್ಕೆ, ಇನ್ನೂ ಬೆಚ್ಚಗಿರೋ ಅದೇ ಕುಶನ್ ಮೇಲೆ, ಸಾಸ್ವೆ.